ಹತ್ತಕ್ಕೆ ನಾಲ್ಕು

ಮಾರ್ಚ್ ೧೪, ಭಾನುವಾರ

ಪ್ರಿಯ ಡಿಕ್ಷನರಿ,

ಈಗಲೂ ಆ ಹೆಸರಿನಿಂದ ಕರೆದರೆ ಸಿಟ್ಟಾಗುವುದಿಲ್ಲ ತಾನೆ? ಮಗ ತೀರಿಕೊಂಡಾಗ ನೀನು ಬರೆದ ಪತ್ರಕ್ಕೆ ಎಂಟು ತಿಂಗಳ ಮೇಲೆ ಉತ್ತರಿಸುತ್ತಿದ್ದೇನೆ. ಕ್ಷಮಿಸು, ಬರೆಯಲು ಕೂತರೆ ಕೈಯೇ ಏಳುತ್ತಿರಲಿಲ್ಲ. ನಿನ್ನ ಮಂಡಿನೋವು ಹೇಗಿದೆ? ಇಲ್ಲಿ ನನ್ನವಳು, ನಿನ್ನ ಅತ್ತಿಗೆ, ಹೊತ್ತುಹೊತ್ತಿಗೆ ಅಡುಗೆ ಮಾಡಿ ಬಡಿಸುತ್ತಾಳೆ. ನನ್ನ ಜೊತೆ ಮಾತು ಮಾತ್ರ ನಿಲ್ಲಿಸಿಬಿಟ್ಟಿದ್ದಾಳೆ.

ಮೊನ್ನೆ ಗುರುವಾರ ಸೊಸೆ ಮೊಮ್ಮಗಳನ್ನು ಕರೆದುಕೊಂಡು ತನ್ನ ದೇಶಕ್ಕೆ ಹೊರಟುಹೋದಳು. ಇನ್ನು ಬರುವುದಿಲ್ಲ.

ಕಾಲೇಜಿನಲ್ಲಿ ಮೂವತ್ತು ವರ್ಷ ಇಬ್ಬರೂ ಇಂಗ್ಲಿಷ್ ಭಾಷೆಯ ಚರಿತ್ರೆ ಪಾಠ ಮಾಡಿದೆವಲ್ಲ. ಕಡಲು ದಾಟಿ ಬಂದ ದಾಳಿಕೋರರು ನನ್ನ ಪಾಲು, ಫ್ರೆಂಚ್ ದೊರೆಗಳು ನಿನ್ನ ಪಾಲು. ಹೊಲದಲ್ಲಿ ಮೇಯುವಾಗ ಇಂಗ್ಲಿಷಿನ 'ಶೀಪ್', ದೊರೆಯ ತಟ್ಟೆಗೆ ಬಂದರೆ ಫ್ರೆಂಚಿನ 'ಮಟನ್' ಎಂದು ನೀನು ನಗಿಸುತ್ತಿದ್ದೆ. ನಾನು ಮೇಜು ಕುಟ್ಟಿ ಹೇಳುತ್ತಿದ್ದೆ: "ವಿಂಡೋ ಇಂಗ್ಲಿಷರದಲ್ಲ, ನೈಫ್ ಇಂಗ್ಲಿಷರದಲ್ಲ, ದಾಳಿ ಮಾಡಿದೋರು ತಂದಿದ್ದು. ಪರರನ್ನ ತೋರಿಸಿ 'ದೇ', ಅಂದ್ರೆ 'ಅವರು', ಅಂತಾರಲ್ಲ, ಆ ಪದವನ್ನೂ ಪರರೇ ಕೊಟ್ಟಿದ್ದು ಕಣ್ರಯ್ಯಾ! ಆ ಭಾಷೆ ಬಂದೋರಿಗೆಲ್ಲ ಬಾಗಿಲು ತೆಗೀತು, ಅದಕ್ಕೇ ಬದುಕ್ತು." ಹಾಗೆ ಹೇಳಿದವನು ಮಗ ಹೊರದೇಶದವಳನ್ನು ಮದುವೆಯಾದನೆಂದು ಮನೆಯ ಬಾಗಿಲು ಹಾಕಿಕೊಂಡೆ. ಅವರ ಮನೆ ಇದ್ದದ್ದು ಎರಡೇ ಬೀದಿ ಆಚೆ. ಏಳು ವರ್ಷದಲ್ಲಿ, ಮಗನ ಹೆಣ ಎತ್ತಿದ ದಿನ ಬಿಟ್ಟರೆ, ಅಲ್ಲಿಯ ಮೆಟ್ಟಿಲು ತುಳಿಯಲಿಲ್ಲ.

ಬುಧವಾರ ಹೋದೆ. ಗೋಡೆಯ ಮೇಲೆ ಫೋಟೋ ತೆಗೆದ ಗುರುತು, ಹಗ್ಗ ಬಿಗಿದ ಪೆಟ್ಟಿಗೆಗಳು. "ಇಲ್ಲೇ ಇದ್ಬಿಡಮ್ಮ. ಮಗು ಮುಖ ನೋಡ್ಕೊಂಡು ನಾವೂ ನಾಲ್ಕು ದಿನ ಬದುಕ್ತೀವಿ" ಎಂದೆ. ಅವಳಿಗೆ ಪ್ರತಿ ಮಾತೂ ಅರ್ಥವಾಯಿತು. ಆದರೂ ಇಂಗ್ಲಿಷಿನಲ್ಲೇ "ತಡವಾಯಿತು, ಸರ್" ಎಂದಳು. ಆ ಭಾಷೆ ಅವಳದೂ ಅಲ್ಲ, ನನ್ನದೂ ಅಲ್ಲ. ಮೊಮ್ಮಗಳು ಥೇಟ್ ಅವಳಪ್ಪನ ಹಾಗೆ ಹುಬ್ಬು ಗಂಟಿಕ್ಕಿ ನೋಡುತ್ತಿದ್ದಳು. "ಬಾ ಪುಟ್ಟಿ" ಎಂದೆ. ಅವಳಿಗೆ ನಮ್ಮ ಭಾಷೆಯ ಒಂದು ಮಾತೂ ಬಾರದು. ನನ್ನ ಮಗನೂ ಕಲಿಸಿರಲಿಲ್ಲ. ಅಮ್ಮನ ಹಿಂದೆ ಸರಿದುಕೊಂಡಳು.

ಹೋಗಲಿ ಬಿಡು. ನಿನ್ನ ಮಕ್ಕಳು, ಮೊಮ್ಮಕ್ಕಳು ನಿನ್ನ ಕಣ್ಣೆದುರೇ ಓಡಾಡಿಕೊಂಡಿರಲಿ. ನನ್ನಂಥ ಬುದ್ಧಿ ನಿನಗೆ ಬಾರದಿರಲಿ.

ನಿನ್ನ,
ಮೇಜುಕುಟ್ಟಿ

ತಾ.ಕ.: ಹೇಳಬೇಕಾದದ್ದನ್ನೇ ಬಿಟ್ಟೆ. ಮದುವೆಯಾದ ಹೊಸತರಲ್ಲಿ ಸೊಸೆ ನಮ್ಮ ಭಾಷೆ ಕಲಿತು ನನಗೊಂದು ಪತ್ರ ಬರೆದಿದ್ದಳು. ನನ್ನ ಹಾಳು ಅಭ್ಯಾಸ, ಕೆಂಪು ಶಾಯಿಯಲ್ಲಿ ಸಾಲುಸಾಲು ತಿದ್ದಿ, ಕೆಳಗೆ ಹತ್ತಕ್ಕೆ ನಾಲ್ಕು ಅಂಕ ಹಾಕಿ ವಾಪಸು ಕಳಿಸಿದೆ. ತಪ್ಪು ಹುಡುಕುವ ಭರದಲ್ಲಿ ಏನು ಬರೆದಿದ್ದಾಳೆಂದು ಓದಲೇ ಇಲ್ಲ. ಬುಧವಾರ ನಾನು ಹೊರಡಲು ಎದ್ದಾಗ ಅವಳು ಒಂದು ಹಳೆಯ ಲಕೋಟೆ ಕೈಗಿಟ್ಟಳು. ಅದೇ ಪತ್ರ, ನಾನು ತಿದ್ದಿದಂತೆಯೇ ಮುದ್ದಾದ ಅಕ್ಷರದಲ್ಲಿ ಮತ್ತೆ ಬರೆದದ್ದು. ತಾರೀಖು ಆಗಿನದೇ, ಅಂಚೆಗೆ ಹಾಕಲು ಧೈರ್ಯ ಸಾಲಲಿಲ್ಲವೇನೋ. ಕೊನೆಯ ಸಾಲು, "ಮಾವ, ನಾನು ಮನೆಗೆ ಬರಬಹುದೇ?"

ಒಂದೂ ತಪ್ಪಿಲ್ಲ ಕಣೋ.