ಕುಲುಮೆಯ ತೂಬಿಗೆ ಬಿದ್ದ ಬೀಗ

ಪರಂಪರೆ ಸಂರಕ್ಷಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ನಿಮ್ಮದೇ ಕುಲುಮೆಯಲ್ಲಿ ಪ್ರವಾಸಿಗರಿಗೆ ಕಬ್ಬಿಣ ಬಡಿದು ತೋರಿಸುವ ನಮ್ಮ ಬೀದಿಯ ಒರ್ನೆಲ್ಲಾಳ ಮೇಲೆ ನೀವು ಕೊಟ್ಟ ದೂರನ್ನು ಶುಕ್ರವಾರದ ವಿಚಾರಣೆಗೆ ಮೊದಲೇ ಹಿಂತೆಗೆದುಕೊಳ್ಳಬೇಕು. ‘ಐತಿಹಾಸಿಕ ಆಸ್ತಿಗೆ ಹಾನಿ’ ಎಂದು ಅದರಲ್ಲಿದೆ. ಅವಳು ಒಡೆದದ್ದು ಒಂದು ಬೀಗ. ಹೋದ ವರ್ಷ ನಿಮ್ಮವರು ಅದನ್ನು ಪೇಟೆಯ ಅಂಗಡಿಯಿಂದ ತಂದು ಜಡಿದದ್ದನ್ನು ನಾನೇ ನೋಡಿದ್ದೇನೆ. ಇತಿಹಾಸ ಇಷ್ಟು ಬೇಗ ಹುಟ್ಟುತ್ತದೆಂದು ಮಕ್ಕಳಿಗೆ ಪಾಠ ಹೇಳುವಾಗ ನನಗೆ ತಿಳಿದಿರಲಿಲ್ಲ.

ನೀರಿನ ಬಲದಿಂದ ಸುತ್ತಿಗೆ ಎತ್ತುವ ನಮ್ಮ ಹಳೆಯ ಕುಲುಮೆಯನ್ನು ನೀವು ಉಳಿಸಿದಿರಿ, ಇಲ್ಲವೆನ್ನುವುದಿಲ್ಲ. ಸೂರು ಹೊದಿಸಿದಿರಿ, ಚಕ್ರಕ್ಕೆ ಹೊಸ ಹಲಗೆ ಹಾಕಿಸಿದಿರಿ, ಟಿಕೆಟ್ ಕಿಟಕಿ ತೆರೆದಿರಿ. ಆಮೇಲೆ ಯಾರೂ ಮುಟ್ಟಬಾರದೆಂದು, ಚಕ್ರಕ್ಕೆ ಹೊಳೆಯ ನೀರು ತರುವ ಕಾಲುವೆಯ ಪಕ್ಕದ ತೂಬಿಗೂ ಬೀಗ ಹಾಕಿದಿರಿ. ಆ ತೂಬು ಇರುವುದು ನೋಟಕ್ಕಲ್ಲ. ಹೊಳೆ ಉಕ್ಕಿದಾಗ ಹೆಚ್ಚಾದ ನೀರನ್ನು ಮತ್ತೆ ಹೊಳೆಗೇ ಬಿಡುವುದಕ್ಕೆ. ಕಮ್ಮಾರರ ಕಾಲದಿಂದಲೂ ಇಲ್ಲಿನ ಕಟ್ಟಳೆ ಒಂದೇ: ನೀರಿನ ಸದ್ದು ಬದಲಾದದ್ದು ಯಾರ ಕಿವಿಗೆ ಮೊದಲು ಬೀಳುತ್ತದೋ ಅವರು ಹೋಗಿ ತೂಬು ಎತ್ತಬೇಕು. ನನ್ನ ತಾಯಿ ಒಲೆಯ ಮೇಲೆ ಮೆಕ್ಕೆಜೋಳದ ಪೊಲೆಂಟಾ ಗಂಜಿ ತಿರುವುತ್ತಿದ್ದ ಕೋಲನ್ನು ಕೈಯಲ್ಲಿ ಹಿಡಿದೇ ಓಡಿದ್ದನ್ನು ಕಂಡಿದ್ದೇನೆ. ಅನುಮತಿ ಕೇಳಿದ್ದನ್ನು ಕಂಡಿಲ್ಲ.

ಕಳೆದ ಶನಿವಾರ ಮಧ್ಯಾಹ್ನ ಕಾಲುವೆ ದಡ ಮೀರಿತು. ಹಾಸಿಗೆ ಹಿಡಿದಿರುವ ನೆರೆಮನೆಯ ತಾರ್ಚೀಸಿಯೊನ ಕೋಣೆಗೆ ನೀರು ನುಗ್ಗಿತು. ಒರ್ನೆಲ್ಲಾ ಅವನ ಬಾಗಿಲಲ್ಲೇ ನಿಂತು ನಿಮ್ಮ ಕಚೇರಿಗೆ ಫೋನ್ ಮಾಡಿದಳು.

“ಬೀಗದಕೈ ಕಪಾಟಿನಲ್ಲಿದೆ ಅಕ್ಕಾ,” ಎಂದ ಕಾವಲುಗಾರ. “ಕಪಾಟಿನ ಬೀಗದಕೈ ಸಾಹೇಬ್ರ ಹತ್ರ. ಸೋಮವಾರ ಬರ್ತಾರೆ.”

“ಹಾಗಾದ್ರೆ ಹೊಳೆಗೂ ಸೋಮವಾರವೇ ಬಾ ಅಂತ ನೀವೇ ಹೇಳಿಬಿಡಿ,” ಎಂದಳು ಒರ್ನೆಲ್ಲಾ.

ಒಳಗಿಂದ ತಾರ್ಚೀಸಿಯೊ ಕೂಗಿದ: “ಏ ಹುಡುಗಿ, ನಂಗೆ ಈಜು ಬರಲ್ಲ ಕಣೇ. ಮಾತು ಆಮೇಲೆ ಆಡು.”

ಅವಳು ಕುಲುಮೆಗೆ ಹೋಗಿ ಸುತ್ತಿಗೆ ತಂದಳು. ಬೀಗ ಒಡೆದು ಬಿತ್ತು, ತೂಬು ಎದ್ದಿತು. ನೀರು ಮುದುಕನ ಹಾಸಿಗೆಗಿಂತ ಒಂದು ಗೇಣು ಕೆಳಗೆ ನಿಂತಿತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಸೋಮವಾರದವರೆಗೆ ಅವನನ್ನು ಮಂಚದ ಮೇಲೆ ತೇಲಿಸುತ್ತಿದ್ದಿರಾ? ಜನರಿರುವ ಬೀದಿಯನ್ನು ಮುಳುಗಿಸಿ ಉಳಿಸುವ ಪರಂಪರೆ ಯಾರದು?

ಮಂಗಳವಾರ ನಿಮ್ಮವರು ಬಂದು ಮೊದಲಿಗಿಂತ ದಪ್ಪ ಬೀಗ ಹಾಕಿ ಹೋದರು. ಒರ್ನೆಲ್ಲಾ ತೂಬಿನ ಹತ್ತಿರ ಸುಳಿಯಬಾರದೆಂದು ಆದೇಶವೂ ಬಂದಿದೆ. ಮೇಲೆ ಬೆಟ್ಟದಲ್ಲಿ ಹಿಮ ಕರಗುತ್ತಿದೆ, ಹೊಳೆ ಮತ್ತೆ ಉಕ್ಕುತ್ತದೆ. ದೂರು ಹಿಂತೆಗೆದುಕೊಳ್ಳಿ, ಬೀಗ ತೆಗೆಸಿ. ಇಲ್ಲವಾದರೆ ಈ ಸಲ ಅವಳ ಬದಲು ನಾನು ಹೋಗುತ್ತೇನೆ. ನನ್ನದು ಕೀಲುನೋವಿನ ಕೈ. ಅವಳಷ್ಟು ಬೇಗ ಆಗಲಿಕ್ಕಿಲ್ಲ, ಆದರೆ ಒಡೆಯುತ್ತೇನೆ.

ಇಂತಿ,
ಮುಂದಿನ ದೂರಿನಲ್ಲಿ ತಪ್ಪಾಗದಿರಲೆಂದು ಪೂರ್ತಿ ಹೆಸರು ಬರೆಯುತ್ತಿರುವ
ಎರ್ಮೆಲಿಂಡಾ ಗ್ವಾಲ್ದಿ, ನಿವೃತ್ತ ಶಿಕ್ಷಕಿ
ಕುಲುಮೆ ಬೀದಿ, ಪ್ರಾದೆಲ್ಲೊ, ಲೊಂಬಾರ್ದಿ