ಗೇಟಿನ ಹೊರಗೆ ನಿಂತ ಬ್ಯಾಂಡ್

ಹೊಸಪೇಟೆ
೨೭ ಮೇ ೨೦೦೬, ಶನಿವಾರ

ಪೂಜಿತಾಳ ಅಪ್ಪನವರಿಗೆ ಲಲಿತಾ ಮಾಡುವ ನಮಸ್ಕಾರ.

ನಾನೂ ಪೂಜಿತಾಳೂ ಆರಾಮಾಗಿದ್ದೇವೆ. ಮನೆ ಬಿಟ್ಟು ಬಂದ ಮೇಲೆ ನಿಮಗೆ ಬರೆಯುತ್ತಿರುವ ಮೊದಲ ಪತ್ರ ಇದು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಆಗಲೇ ಒಂದು ಹಾಳೆ ಹರಿದು ಹಾಕಿದ್ದೇನೆ. ನಿಮ್ಮ ಬ್ಯಾಂಡಿನಲ್ಲಿ ಡೋಲು ಬಾರಿಸುವ ಗಾಳೆಪ್ಪ ಮುಂಜಾನೆ ಬಂದಿದ್ದ. ನಿನ್ನೆಯ ಮಂಟಪದವರ ಸಭೆ ಮುಗಿಸಿ ಇಲ್ಲೇ ನೆಂಟರ ಮನೆಯಲ್ಲಿ ಉಳಿದಿದ್ದನಂತೆ. ಚಹಾ ಕುಡಿದ, ಪೂಜಿತಾಳನ್ನು ನಗಿಸಿದ, ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದ: “ಅಕ್ಕಾ, ಮಾಸ್ತರ್ ಸೋಮವಾರದಿಂದ ಸಂಡೂರಿಗೆ ಹೊಂಟಾರ. ಮೈನ್ಸ್‌ನಾಗ ಟಿಪ್ಪರ್ ಹೊಡಿತಾರಂತ. ಬ್ಯಾಂಡ್ ಮುಗೀತಲೇ ಅಂದ್ರು ನನಗ.”

ಅವನು ಹೋದ ಮೇಲೆ ಒಲೆಯ ಮೇಲಿನ ಅನ್ನ ಹೊತ್ತಿದ್ದೂ ಗೊತ್ತಾಗಲಿಲ್ಲ, ಮಗಳು ಬಂದು ಇಳಿಸಿದಳು. ಸಂಜೆ ಕಂಪ್ಲಿ ಬಸ್ಸು ಹತ್ತುವ ಮೊದಲು ಗಾಳೆಪ್ಪ ಮತ್ತೆ ಈ ಕಡೆ ಬರುತ್ತಾನೆ. ಅಷ್ಟರೊಳಗೆ ಬರೆದು ಅವನ ಕೈಯಲ್ಲಿ ಕೊಡಬೇಕು. ಅಕ್ಷರ ಕೆಟ್ಟಿದ್ದರೆ ಅದಕ್ಕೇ.

ಟಿಪ್ಪರ್ ಓಡಿಸಬೇಡಿ ಎನ್ನಲು ನಾನು ಯಾರು? ಬ್ಯಾಂಡಿನ ಟೆಂಪೊ ಓಡಿಸಿದವರು ನೀವು, ಟಿಪ್ಪರ್ ಬೇರೆ. ಆ ಸಂಡೂರಿನ ಘಾಟಿಯಲ್ಲಿ ಅದಿರು ತುಂಬಿದ ಗಾಡಿಗಳು ಒಂದಕ್ಕೊಂದು ಮೂತಿ ತಾಗಿಸಿಕೊಂಡು ಇಳಿಯುತ್ತವೆ. ಕಣ್ಣಿಗೆ ನಿದ್ದೆ ಇಲ್ಲದೆ ಸ್ಟಿಯರಿಂಗ್ ಹಿಡಿದವರನ್ನು ನಾನು ಇಲ್ಲಿ ದಿನವೂ ನೋಡುತ್ತೇನೆ. ಅದು ನನ್ನ ಭಯ, ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ‘ಬ್ಯಾಂಡ್ ಮುಗೀತು’ ಅನ್ನುವ ಮುಂಚೆ ನಡೆದದ್ದೇನೆಂದು ಕೇಳಿ. ಆ ಮದುವೆಯ ದಿನ ನೀವು ಗೇಟಿನ ಹೊರಗಿದ್ದಿರಿ, ನಾನು ಒಳಗಿದ್ದೆ. ನಿನ್ನೆಯ ಸಭೆಗೂ ನೀವು ಬರಲಿಲ್ಲ. ಗಾಳೆಪ್ಪ ಹೇಳಿದರೂ ಅರ್ಧ ನುಂಗಿಕೊಂಡೇ ಹೇಳುತ್ತಾನೆ. ಅವನಿಗೆ ನಿಮ್ಮ ಸಿಟ್ಟಿನ ಹೆದರಿಕೆ. ನನಗೂ ಇದೆ, ಆದರೂ ಬರೆಯುತ್ತೇನೆ.

ನಿಮ್ಮ ಬುಕಿಂಗ್ ಇದ್ದದ್ದು ನಿಜ. ಅಕ್ಕಿ ಗಿರಣಿಯ ದೊಡ್ಡಬಸಪ್ಪನವರು ಮಗಳ ಮದುವೆಗೆ ನಾನು ಬುಕಿಂಗ್ ನೋಡುವ ಕಲ್ಯಾಣ ಮಂಟಪ ಹಿಡಿದಾಗ, ಬ್ಯಾಂಡನ್ನೂ ಮಂಟಪದವರೇ ಗೊತ್ತುಮಾಡಿಕೊಡಿ, ಆದರೆ ನಮ್ಮ ಕಂಪ್ಲಿಯ ಅಂಜಿನಿ ಮಾಸ್ತರರದೇ ಆಗಬೇಕು ಎಂದಿದ್ದರು. ಅದನ್ನು ಡೈರಿಯಲ್ಲಿ ಬರೆದುಕೊಂಡವಳು ನಾನು. ಮಂಟಪದಿಂದ ಮಾತಾಡುತ್ತಿದ್ದೇನೆ ಎಂದು ನಿಮಗೆ ಫೋನ್ ಮಾಡಿದವಳೂ ನಾನೇ. ನನ್ನ ದನಿ ನಿಮಗೆ ಗುರುತು ಸಿಕ್ಕಿತೋ ಇಲ್ಲವೋ. “ಆತ್ರಿ, ಬರ್ತೀವಿ” ಎಂದಷ್ಟೇ ಹೇಳಿ ಇಟ್ಟುಬಿಟ್ಟಿರಿ. 

ಆಮೇಲೆ ಗಂಡಿನ ಕಡೆಯವರು, ಆ ಸಂಡೂರಿನ ಬೀಗರು, ಬಳ್ಳಾರಿಯಿಂದ ಆರ್ಕೆಸ್ಟ್ರಾ ತರಿಸುತ್ತೇವೆ ಎಂದು ಮಾಲೀಕರಿಗೆ ಹೇಳಿದರು. ಅದಿರು ಲಾರಿಗಳಿಂದ ಈಚೆಗೆ ಮೇಲೆ ಬಂದ ಮನೆತನ. ಒಲ್ಲೆ ಅನ್ನಲು ನಮ್ಮ ಮಾಲೀಕರು ಮರುಳಸಿದ್ದಪ್ಪನವರಿಗೆ ಬಾಯಿ ಬರಲಿಲ್ಲ. ಹ್ಞೂಂ ಅಂದರು, ಅಂದದ್ದನ್ನು ನನಗೂ ಹೇಳಲಿಲ್ಲ, ಹೆಣ್ಣಿನ ಕಡೆಯವರಿಗೂ ಹೇಳಲಿಲ್ಲ. ಮದುವೆಯ ದಿನ ನಾನು ಕೆಲಸಕ್ಕೆ ಹೋದಾಗ ಚಪ್ಪರದಲ್ಲಿ ನಿಮಗೆಂದು ಬಿಡಿಸಿದ್ದ ಜಾಗದಲ್ಲಿ ಆಳೆತ್ತರದ ಸ್ಪೀಕರ್ ಡಬ್ಬಗಳು ನಿಂತಿದ್ದವು. ನಿಮಗೆ ಫೋನ್ ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಟೆಂಪೊದ ಸಪ್ಪಳದಲ್ಲಿ ಕೇಳಿಸಿರಲಿಕ್ಕಿಲ್ಲ.

ಮುಂದಿನದು ನಿಮ್ಮ ಕಣ್ಣೆದುರೇ ನಡೆಯಿತು. ಮಾಲೀಕರು ಅಷ್ಟು ಜನರ ಮುಂದೆ “ನಿಮ್ಮನ್ನ ಯಾರ್ ಕರದಾರ? ಹಿಂದಕ್ ಹೋಗ್ರಿ” ಎಂದರು. ನೀವು ಮೊದಲಿಗೆ ಸಮಾಧಾನದಿಂದಲೇ “ಕರದಿದ್ದಕ್ಕ ಬಂದೀವ್ರಿ, ಒಳಗ ಕೇಳ್ರಿ” ಎಂದಿರಿ. ಬೀಗರ ಕಡೆಯ ಹುಡುಗರು ನೂಕಿದರು. ಗಾಳೆಪ್ಪ ಡೋಲಿನ ಮೇಲೇ ಬಿದ್ದ, ಅದರ ಚರ್ಮ ಹರಿಯಿತು. ಆಗ ನೀವು ತಲೆ ಎತ್ತಿ ಆಫೀಸಿನ ಕಿಟಕಿಯತ್ತ ನೋಡಿದಿರಿ. ನಾನು ಅಲ್ಲೇ ಇದ್ದೆ. ಮರುಕ್ಷಣ ಇರಲಿಲ್ಲ. ‘ನೋಡಿಯೂ ನೋಡದಂಗ ಒಳಗ ಹೋದಳು’ ಎಂದು ನೀವು ಬ್ಯಾಂಡಿನವರ ಮುಂದೆ ಹೇಳಿದ ಮಾತು ನನ್ನ ತನಕ ಬಂದಿದೆ.

ನಾನು ಒಳಗೆ ಹೋದದ್ದು ದೊಡ್ಡಬಸಪ್ಪನವರ ಕೋಣೆಗೆ. ಮೆಟ್ಟಿಲಿಳಿಯುವಾಗ ಮಾಲೀಕರು ಏದುಸಿರು ಬಿಡುತ್ತಾ ಎದುರಾದರು. “ಹೆಣ್ಣಿನ ಕಡ್ಯಾರು ಕೇಳಿದ್ರ ಬ್ಯಾಂಡ್ ಬಂದೇ ಇಲ್ಲ ಅಂತ ಹೇಳು” ಎಂದರು. ನಾನು ಅವರನ್ನು ದಾಟಿ ಕೆಳಗಿಳಿದೆ. ದೊಡ್ಡಬಸಪ್ಪನವರು ತಲೆಗೆ ಪಟಗ ಸುತ್ತಿಸಿಕೊಳ್ಳುತ್ತಿದ್ದರು. “ಅಪ್ಪಾರ, ಬ್ಯಾಂಡ್ ಬಂದೈತ್ರಿ. ಗೇಟಿನಾಗ ನಿಂದರ್ಸ್ಯಾರ” ಎಂದೆ. ಸುತ್ತಿದ ಅರ್ಧ ಪಟಗದಲ್ಲೇ, ಬರಿಗಾಲಲ್ಲೇ ಹೊರಗೆ ಬಂದರು. ಅಷ್ಟರಲ್ಲಿ ನೀವು ಗಾಡಿ ತಿರುಗಿಸಿಕೊಂಡು ಹೋಗಿಯಾಗಿತ್ತು. ಹಿಂದೆಯೇ ಜೀಪು ಕಳಿಸಿದರು. ಕಂಪ್ಲಿ ರಸ್ತೆಯಲ್ಲೆಲ್ಲೂ ನೀವು ಸಿಗಲಿಲ್ಲ ಎಂದು ಡ್ರೈವರ್ ವಾಪಸ್ ಬಂದ. ಇನ್ನೊಂದು ಚೂರು ನಿಂತಿದ್ದರೆ, ಎಂದು ಅವತ್ತಿನಿಂದ ಎಷ್ಟು ಸಲ ಅಂದುಕೊಂಡಿದ್ದೇನೋ!

ನೀವಿಲ್ಲದೆ ಆ ಮದುವೆ ಹೇಗಾಯಿತು ಗೊತ್ತೇ? ಆರ್ಕೆಸ್ಟ್ರಾದವರು ಸಿನಿಮಾ ಹಾಡಿನಲ್ಲಿ ಮೈಮರೆತಿದ್ದರು. ತಾಳಿ ಕಟ್ಟುವ ಹೊತ್ತಿಗೆ ಮದುವೆ ಮಾಡಿಸುತ್ತಿದ್ದ ಅಯ್ಯನವರು ಕೈ ಎತ್ತಿ ‘ಗಟ್ಟಿಮೇಳ’ ಎಂದು ಕೂಗಿದರು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದರು. ಕೀಬೋರ್ಡಿನವನು ಗಾಬರಿಯಾಗಿ ಏನನ್ನೋ ಒತ್ತಿದ, ಅದು ಟುಂಯ್ ಟುಂಯ್ ಎಂದು ಆಟದ ಸಾಮಾನಿನ ಹಾಗೆ ಸದ್ದು ಮಾಡಿತು. ಅಕ್ಕಿಕಾಳು ಹಿಡಿದು ನಿಂತ ಜನ ಯಾವಾಗ ಹಾಕಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಹುಡುಗಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. “ಹಿಂಗ ಸಪ್ಪಗ ತಾಳಿ ಕಟ್ಟಿಸ್ಕೊಂಡಳಲ್ರಿ ನಮ್ಮ ಹುಡುಗಿ” ಎಂದು ನನ್ನ ಕೈ ಹಿಡಿದುಕೊಂಡರು.

ಮಾಲೀಕರಿಗೆ ಪುಕಪುಕ ಶುರುವಾದದ್ದು ಆಮೇಲೆ. ದೊಡ್ಡಬಸಪ್ಪನವರು ಸುಮ್ಮನೆ ಬಿಡುವವರಲ್ಲ ಎಂದು ಅವರಿಗೆ ಗೊತ್ತು. ಅದಕ್ಕೇ ತಾವೇ ಮೊದಲಾಗಿ ಮಂಟಪದವರ ಸಂಘಕ್ಕೆ ದೂರು ಬರೆದರು. ಬುಕಿಂಗ್ ಇಲ್ಲದೆ ಬಂದು ಗಲಾಟೆ ಮಾಡಿದ ಬ್ಯಾಂಡು, ಹೊಸಪೇಟೆಯ ಯಾವ ಮಂಟಪಕ್ಕೂ ಸೇರಿಸಬಾರದು, ಎಂದು. ಬುಕಿಂಗ್ ನೋಡುವವಳು ನಾನಲ್ಲವೇ, ಕೆಳಗೆ ನನ್ನ ಸಹಿ ಬೇಕು ಎಂದರು. ತಲೆನೋವು ಎಂದು ಒಂದು ದಿನ ತಳ್ಳಿದೆ. ಮಗಳಿಗೆ ಜ್ವರ ಎಂದು ಇನ್ನೊಂದು ದಿನ ತಳ್ಳಿದೆ. ಒಂದನೇ ತಾರೀಖಿಗೆ ಪೂಜಿತಾಳ ಶಾಲೆ ಶುರು. ಈ ಊರಿನಲ್ಲಿ ಮೈನ್ಸ್‌ನವರು ಬಂದ ಮೇಲೆ ಮನೆ ಬಾಡಿಗೆ ಹೇಗಿದೆ ಎಂದು ನಿಮಗೂ ಗೊತ್ತು. ಕೆಲಸ ಹೋದರೆ ಎಲ್ಲಿ ಹೋಗಲಿ? ಸಹಿ ಹಾಕಿದರೆ ಎಂಟು ಮನೆಯವರ ಬ್ಯಾಂಡು ನನ್ನ ಕೈಯಿಂದಲೇ ನಿಲ್ಲುತ್ತದೆ. ಕೊನೆಗೂ ಸಹಿ ಹಾಕಲಿಲ್ಲ. ನೀವು ಸಭೆಗೆ ಬರುತ್ತೀರಿ, ನೀವೇ ಮಾತಾಡುತ್ತೀರಿ, ನಾನು ಬಾಯಿ ಬಿಡುವ ಪ್ರಸಂಗ ಬರುವುದಿಲ್ಲ ಎಂದು ಒಳಗೊಳಗೇ ಆಸೆ ಇತ್ತು. ನೀವು ಬರಲಿಲ್ಲ.

ನಿನ್ನೆ ಸಂಘದ ಹಿರಿಯರಾದ ದುರುಗಣ್ಣನವರ ಮಂಟಪದಲ್ಲಿ ಸಭೆ. ಮುಂದಿನ ಸಾಲಿನಲ್ಲಿ ಮಂಟಪದವರು, ಗೋಡೆಗೆ ಆತು ಬ್ಯಾಂಡಿನವರು. ಮರುಳಸಿದ್ದಪ್ಪನವರು ದೂರು ಓದಿ, “ನಮ್ಮ ಹೆಣ್ಮಗಳು ಇಲ್ಲೇ ಅದಾಳ, ಕೇಳ್ರಿ” ಎಂದು ನನ್ನತ್ತ ತಿರುಗಿದರು. ನಾನು ಎದ್ದು ನಿಂತೆ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ. “ಬುಕಿಂಗ್ ಇತ್ರಿ. ಬರಕೊಂಡಾಕಿ ನಾನ” ಎಂದೆ.

ಮಾಲೀಕರು ನಕ್ಕು, “ಹಂಗ ಹೇಳದ ಏನ್ ಮಾಡ್ತಾಳ್ರಿ, ಆ ಬ್ಯಾಂಡಿನ ಅಂಜಿನಿ ಈಕಿ ಗಂಡ” ಎಂದರು. ಎಲ್ಲರೂ ನಕ್ಕರು. ಗೋಡೆಗೆ ನಿಂತವರಲ್ಲೂ ಇಬ್ಬರು ನಕ್ಕರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು.

ಇಲ್ಲಿಂದ ಮುಂದಿನದನ್ನು ಗಾಳೆಪ್ಪ ನಿಮಗೆ ಹೇಳುವುದಿಲ್ಲ. ನಾನೇ ಹೇಳಬೇಕು. ನಾನು ಅಂದದ್ದು ಹೀಗೆ: “ಹೌದ್ರಿ, ನಮ್ಮ ಮನಿಯವ್ರ. ಎರಡು ವರ್ಷಾತು ಮಾತಿಲ್ಲ ಕತಿಯಿಲ್ಲ. ಅವ್ರ ಬ್ಯಾಂಡಿನ ತಪ್ಪೂ ನನಗ ಗೊತ್ತೈತಿ. ಒಂದ ಮುಹೂರ್ತಕ್ಕ ಎರಡು ಲಗ್ನ ಒಪ್ಕೊಂಡು, ಅರ್ಧ ಮಂದೀನ ಅಲ್ಲಿ, ಅರ್ಧ ಮಂದೀನ ಇಲ್ಲಿ ಕಳಿಸ್ತಿದ್ರು. ಮೋಸ ಹೋದವ್ರು ಬಂದು ಬೈತಿದ್ದದ್ದು ನಮ್ಮ ಬಾಗಿಲಿಗೆ. ಬೈಸ್ಕೊಂಡಾಕಿ ನಾನು. ಬುಕಿಂಗ್ ನನ್ನ ಕೈಗೆ ಕೊಡ್ರಿ ಅಂದ್ರ ಕೊಡ್ಲಿಲ್ಲ, ಅದಕ್ಕ ಆ ಮನಿ ಬಿಟ್ಟು ಬಂದೆ. ಇದನ್ನ ಮುಚ್ಚಿಡಾಕಿಲ್ಲ ನಾನು. ಆದ್ರ ಈ ಸಲ ಅವ್ರು ಹೇಳಿದ ದಿನಕ್ಕ, ಹೇಳಿದ ಹೊತ್ತಿಗೆ, ಪೂರಾ ಮಂದಿ ಕಟ್ಕೊಂಡು ಬಂದಾರ. ತಪ್ಪು ನಮ್ಮ ಮಂಟಪದ್ದು.”

ನಿಮ್ಮ ಮಾನವನ್ನು ಹತ್ತು ಜನರ ನಡುವೆ ಇಟ್ಟೆ. ಇಡದೆ ಹೋಗಿದ್ದರೆ ನನ್ನ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಸರಿಯೋ ತಪ್ಪೋ ನನಗೆ ಈಗಲೂ ತಿಳಿಯುತ್ತಿಲ್ಲ. ಗಾಳೆಪ್ಪ ತಲೆ ತಗ್ಗಿಸಿದ್ದು ಮಾತ್ರ ಕಂಡಿತು.

ನಗು ನಿಂತಿತು. ದುರುಗಣ್ಣನವರು ಸಭೆಗೆ ಬಂದಿದ್ದ ದೊಡ್ಡಬಸಪ್ಪನವರನ್ನು ಕೇಳಿದರು. ಅವರು ಎದ್ದು, “ನಾನ ಹೇಳಿ ಬರಸೀನಿ. ನನ್ನ ಮಗಳ ಲಗ್ನದಾಗ ಗಟ್ಟಿಮೇಳ ಆಗ್ಲಿಲ್ಲ. ಅದನ್ನ ಯಾರ್ ತಂದು ಕೊಡ್ತೀರಿ?” ಎಂದಷ್ಟೇ ಹೇಳಿ ಕೂತರು. ಮರುಳಸಿದ್ದಪ್ಪನವರು ದೂರಿನ ಹಾಳೆ ಮಡಚಿ ಜೇಬಿಗಿಟ್ಟರು.

ನಿಮ್ಮ ಬ್ಯಾಂಡಿಗೆ ಯಾವ ತಡೆಯೂ ಇಲ್ಲ ಎಂದು ತೀರ್ಮಾನವಾಯಿತು. ಗಾಳೆಪ್ಪನ ಡೋಲಿಗೆ ನಮ್ಮ ಮಂಟಪದವರೇ ಹೊಸ ಚರ್ಮ ಹಾಕಿಸಿಕೊಡಬೇಕು. ಇನ್ನು ಮುಂದೆ ಪ್ರತಿ ಬುಕಿಂಗಿಗೂ ಮಂಟಪದವರು, ಮದುವೆಯವರು, ಬ್ಯಾಂಡಿನವರು ಮೂವರೂ ಸಹಿ ಹಾಕಿದ ಚೀಟಿ ಇರಬೇಕು. ಕರೆಸಿದ ಬ್ಯಾಂಡನ್ನು ಯಾರೂ ಬಾಯಿಮಾತಿನಲ್ಲಿ ರದ್ದು ಮಾಡುವ ಹಾಗಿಲ್ಲ. ಬಾಯಿಮಾತಿನಲ್ಲಿ ಒಪ್ಪಿಕೊಳ್ಳುವ ಹಾಗೂ ಇಲ್ಲ. ಕೊನೆಯದನ್ನು ಸೇರಿಸಿ ಎಂದವಳು ನಾನು.

ಹೊರಡುವಾಗ ದುರುಗಣ್ಣನವರು ಕರೆದು, ಬರುವ ತಿಂಗಳು ಎಂಟನೇ ತಾರೀಖು ತಮ್ಮಲ್ಲಿ ಒಂದು ಮದುವೆ ಇದೆ, ಅಂಜಿನಿ ಮಾಸ್ತರ್ ಬರುತ್ತಾರಾ ಎಂದು ಕೇಳಿದರು. ನಾನು ಹ್ಞೂಂ ಅಂದಿಲ್ಲ. “ಅವ್ರನ್ನ ಕೇಳಿ ಹೇಳ್ತೀನ್ರಿ” ಎಂದೆ. ನಿಮ್ಮನ್ನು ಕೇಳದೆ ನಿಮ್ಮ ದಿನ ಒಪ್ಪಿಕೊಳ್ಳುವವಳಲ್ಲ. ನಾಳೆ ಸಂಜೆಯೊಳಗೆ ಅವರಿಗೆ ಉತ್ತರ ಕೊಡಬೇಕು. ಬರುತ್ತೇವೆ ಎಂದಾದರೂ ಹೇಳಿ, ಬರುವುದಿಲ್ಲ ಎಂದಾದರೂ ಹೇಳಿ. ನಿಮ್ಮ ಇಬ್ಬರು ಟ್ರಂಪೆಟ್‌ನವರು ಹೋದ ವರ್ಷವೇ ಮೈನ್ಸ್‌ಗೆ ಹೋದರು, ಆದರೂ ಉಳಿದವರನ್ನು ಕಟ್ಟಿಕೊಂಡು ನಡೆಸಿದವರು ನೀವು. ಅದು ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಯಾವ ಊರಿನಲ್ಲಿ ನಿಮ್ಮ ಬ್ಯಾಂಡು ನಡೆದರೂ ಯಾರಾದರೊಬ್ಬರು ಬಂದು ನನಗೆ ಹೇಳುತ್ತಲೇ ಇದ್ದರು.

ಬಸ್ಸಿನ ಹೊತ್ತಾಯಿತು. ಗಾಳೆಪ್ಪ ಬಂದು ಕಟ್ಟೆಯ ಮೇಲೆ ಕೂತಿದ್ದಾನೆ. ಈ ಪತ್ರ ಓದುವ ತನಕ ಅವನ ಮೇಲೆ ಕೂಗಾಡಬೇಡಿ. ಪೂಜಿತಾ ಒಂದು ಸಾಲು ಬರೆಯುತ್ತೇನೆ ಎಂದಳು. ಏನು ಬರೆಯಲಿ ಎಂದು ಯೋಚಿಸುತ್ತಾ ಕೂತು, ಕೊನೆಗೆ ‘ಅಪ್ಪಗ ನೀನ ಹೇಳು’ ಎಂದು ಪೆನ್ನು ನನ್ನ ಕೈಗೇ ಕೊಟ್ಟಳು.

ನಿಮ್ಮ ಒಂದು ಮಾತಿಗೆ ಕಾದಿರುವ,
ಲಲಿತಾ

ತಾ.ಕ.: ಉತ್ತರವನ್ನು ಮಂಟಪದ ಫೋನಿಗೆ ಹೇಳಬೇಡಿ. ಮನೆ ಮಾಲೀಕರ ನಂಬರು ಗಾಳೆಪ್ಪನ ಹತ್ತಿರ ಇದೆ, ಅದಕ್ಕೆ ಮಾಡಿ. ನಿನ್ನೆ ಸಭೆಯಿಂದ ಹೊರಬಿದ್ದ ಕೂಡಲೇ ಮರುಳಸಿದ್ದಪ್ಪನವರು ಆಫೀಸಿನ ಬೀಗದಕೈ ಕೇಳಿ ಇಸಿದುಕೊಂಡರು. ನನಗೆ ಅಲ್ಲಿ ಇನ್ನು ಕೆಲಸವಿಲ್ಲ. ಇದು ಗಾಳೆಪ್ಪನಿಗೆ ಗೊತ್ತಿಲ್ಲ, ಮಗಳಿಗೂ ಹೇಳಿಲ್ಲ. ಇದನ್ನು ಓದಿ ಮರುಕದಿಂದ ಬರಬೇಡಿ. ಸಭೆಯಲ್ಲಿ ನಾನು ಆಡಿದ ಮಾತಿಗೆ ಸಿಟ್ಟು ಬಂದಿದ್ದರೆ ಬನ್ನಿ. ಸಿಟ್ಟಾಗಿ ಬಂದವರನ್ನು ಕೂಡ್ರಿಸಿ ಮಾತಾಡಿಸುವುದು ನನಗೀಗ ಬರುತ್ತದೆ.