ಸೀಸೆಯೊಳಗಿನ ನೀಲಿ ನೊಣ

ನೆರಳೆಣಿಕೆಯ ೩೧೮ನೇ ವರ್ಷ, ಹದಿಮೂರನೇ ತಿಂಗಳು
ದುರ್ಗದ ತಂಪುಮನೆಗಳಿಂದ

ಹಿಂದಿನವರಿಗೆ,

ಇಂಥ ತಿಂಗಳು ನಿಮ್ಮ ಪಂಚಾಂಗದಲ್ಲಿಲ್ಲ. ಬೇಸಿಗೆ ಹನ್ನೆರಡರಲ್ಲಿ ಮುಗಿಯದಾದಾಗ ನಮ್ಮವರು ಒಂದನ್ನು ಸೇರಿಸಿಕೊಂಡರು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನಿಮ್ಮ ಕಾಲದ ಕಾವ್ಯಗಳನ್ನು ಓದಿ ಪದವಿ ಪಡೆದವಳು. ನಾಲ್ಕು ಜನರೆದುರು ನಿಂತು ಮಾತಾಡಲು ಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಬಂಡೆಯ ಹೊಟ್ಟೆಯಲ್ಲಿ ಕೊರೆದ ಕೋಣೆಗಳಿಗೆ ತಂಪುಮನೆ ಎನ್ನುತ್ತೇವೆ. ಬೆಳಕು ಹರಿಯುವ ಮುಂಚೆ ರೊಟ್ಟಿ ಸುಟ್ಟುಕೊಂಡು, ಬಾಗಿಲಿಗೆ ಒದ್ದೆ ಗೋಣಿ ಇಳಿಬಿಟ್ಟು ಒಳಗೆ ಸೇರುತ್ತೇವೆ. ಕುಡಿಯುವ ನೀರು ಬರುವುದು ಇಬ್ಬನಿಬಲೆಗಳಿಂದ. ಬಂಡೆಗಳ ನಡುವೆ ಕಟ್ಟಿದ ಆ ಬಲೆಗಳ ಮೇಲೆ ರಾತ್ರಿಯ ತೇವ ಹನಿಗಟ್ಟುತ್ತದೆ. ನನ್ನ ಅಣ್ಣ ಕಂಪಣ್ಣ ಅವುಗಳ ದೂಳು ಕೊಡವಲು ಹೋದವನು ಹಿಂದಿರುಗಲಿಲ್ಲ.

ಹಿಂದೊಮ್ಮೆ ಹೆಣಗಳಿಂದ ರೋಗ ಹಬ್ಬಿ ಅರ್ಧ ಊರು ಅಳಿದಿತ್ತು. ಅಂದಿನಿಂದ ಹುಡುಕಲು ಹೋದವರು ನೀಲಿ ನೊಣ ಕಂಡಲ್ಲಿಯೇ ನಿಲ್ಲಬೇಕು. ಅಂಚಿನಲ್ಲಿ ಒಂದನ್ನು ಹಿಡಿದು, ಸೀಸೆಗೆ ಹಾಕಿ, ಮೇಣದಿಂದ ಮುಚ್ಚಿ ತಂದು ಮನೆಯ ಹೊಸ್ತಿಲಿಗಿಟ್ಟರೆ ಅದೇ ಸಾವಿನ ಸುದ್ದಿ. ನೊಣ ಕಂಡ ಮೇಲೆ ಕಾಣೆಯಾದವರ ಹೆಸರು ಕೂಗುವಂತಿಲ್ಲ.

ಸೀಸೆ ತಂದವನು ಗೂಳಪ್ಪ ಮಾವ. "ಸಂದಿ ತುಂಬಾ ನೀಲಿ ಹಾರ್ತಿತ್ತು ಕಣಕ್ಕ. ಮುಂದಕ್ ಹೋಗ್ಲಿಲ್ಲ" ಎಂದು ಅವ್ವನಿಗೆ ಹೇಳಿ ತಲೆ ತಗ್ಗಿಸಿದ. ಅವ್ವ ಅಣ್ಣನ ಚಾಪೆ ಸುತ್ತಿಟ್ಟಳು. ಅವನ ಪಾಲಿನ ನೀರು ಪಕ್ಕದ ಮನೆಗೆ ಹೋಯಿತು.

ಮೂರು ದಿನದ ಸೂತಕ ಕಳೆದ ಮೇಲೆ ಸೀಸೆ ಒಡೆದು ನೊಣವನ್ನು ಮಣ್ಣು ಮಾಡುವುದು ಮನೆಯ ಹೆಣ್ಣುಮಗಳ ಕೆಲಸ. ಅಂಗೈ ಮೇಲಿಟ್ಟುಕೊಂಡಾಗ ಅದು ತಾಮ್ರದ ಮೇಲೆ ನೀಲಿ ಹಚ್ಚಿದಂತೆ ಹೊಳೆಯುತ್ತಿತ್ತು. ಹಿಂಗಾಲಿನಲ್ಲಿ ಹಳದಿ ಪುಡಿ. ಸೂಜಿಯ ತುದಿಯಿಂದ ರೆಕ್ಕೆ ಬಿಡಿಸಿದೆ: ಒಂದಕ್ಕೊಂದು ಕೊಕ್ಕೆ ಹಾಕಿಕೊಂಡ ನಾಲ್ಕು. ನಿಮ್ಮ ಮಕ್ಕಳ ಪಠ್ಯದಲ್ಲಿ ಕಂಡಿದ್ದ ಜೇನುಹುಳದ ಚಿತ್ರ ನೆನಪಾಯಿತು. ನೊಣಕ್ಕೆ ಎರಡೇ ರೆಕ್ಕೆ. ಜೇನಿನ ಕುಲವೇ ಅಳಿಯಿತೆಂದು ನಂಬಿದ್ದ ನಮಗೆ ಹೊಳೆಯುವ ನೀಲಿಯೆಂದರೆ ಸಾವು ಮಾತ್ರ.

ಆದರೆ ಇದು ಹೆಣಕ್ಕಲ್ಲ, ಹೂವಿಗೆ ಬರುವ ಹುಳ. ಸೀಸೆಯ ಚೂರುಗಳನ್ನು ಅಲ್ಲಿಯೇ ಬಿಟ್ಟು ಅವ್ವನೂ ನಾನೂ ಮಾವ ಹೇಳಿದ ಸಂದಿಗೆ ಓಡಿದೆವು. ಬಂಡೆಸಂದಿಯಲ್ಲಿ ಒಂದು ಬಳ್ಳಿ ಹೂಬಿಟ್ಟಿತ್ತು. ಅದರ ಬುಡದಲ್ಲಿ ಅಣ್ಣ, ಮುರಿದ ಕಾಲನ್ನು ಅಂಗವಸ್ತ್ರದಿಂದ ಬಿಗಿದು ಕಟ್ಟಿಕೊಂಡು ಒರಗಿದ್ದ. ಕೈಗೆಟಕುವಷ್ಟು ದೂರದ ಹೂಗಳನ್ನೆಲ್ಲ ಕಿತ್ತು ಚೀಪಿದ್ದ. ಅವನ ಮುಖದ ಮೇಲೆ ನಿಜವಾದ ನೊಣಗಳಿದ್ದವು: ಕೆಂಪು ಕಣ್ಣು, ಮೋಟು ಮೀಸೆ, ನೀಲಿ ಬೆನ್ನಿನ ಮೇಲೆ ಒರಟು ಕೂದಲು, ಎರಡು ರೆಕ್ಕೆ. ಹುಳುಗಳಿನ್ನೂ ಅಕ್ಕಿ ನುಚ್ಚಿನಷ್ಟೇ ಇದ್ದವು.

ಅವ್ವ ನನ್ನ ಕೈ ಹಿಡಿದುಕೊಂಡಳು. "ನೀನು ಓದಿದೋಳಲ್ವಾ, ಹೇಳು. ಎಷ್ಟು ದಿನ ಕಾದ್ನೇ ಅವ್ನು?" ಹುಳುಗಳ ಗಾತ್ರ ನೋಡಿದ ನನಗೆ ಉತ್ತರ ತಿಳಿದಿತ್ತು: ಅವನು ಸತ್ತು ಒಂದು ದಿನವಷ್ಟೇ ಆಗಿತ್ತು, ನಾವು ಸೂತಕ ಹಿಡಿದಾಗ ಬದುಕಿದ್ದ. ಬಗ್ಗಿ ಅಣ್ಣನ ಮುಖದ ನೊಣ ಓಡಿಸತೊಡಗಿದೆ.

ನಿಮ್ಮ ಕಾವ್ಯಗಳನ್ನು ಮತ್ತೆ ತಿರುವಿದೆ. ಆಕಾಶದ ನೀಲಿಯಿದೆ, ನೈದಿಲೆಯ ನೀಲಿಯಿದೆ, ನವಿಲಿನ ಕೊರಳಿದೆ. ನೊಣವನ್ನು ಯಾರೂ ಬಗ್ಗಿ ನೋಡಿಲ್ಲ. ನಿಮ್ಮ ಹಿತ್ತಲಲ್ಲಿ ನೀಲಿ ನೊಣ, ನೀಲಿ ಜೇನು ಎರಡೂ ಇನ್ನೂ ಹಾರುತ್ತಿರಬೇಕು. ದಯವಿಟ್ಟು ರೆಕ್ಕೆ ಎಣಿಸಿ, ಮೀಸೆ ನೋಡಿ, ಉಪಮೆ ಇಲ್ಲದೆ ಬರೆದಿಡಿ. ನನ್ನ ನಂತರದವರಿಗೂ ಇದರದೇ ಒಂದು ಪ್ರತಿ ಇಡುತ್ತೇನೆ. ಅವರಿಗೆ ಹೇಳುವುದು ಇಷ್ಟೇ. ನೀಲಿ ಕಂಡರೆ ನಿಲ್ಲಬೇಡಿ. ಹತ್ತಿರ ಹೋಗಿ, ಹೆಸರು ಹಿಡಿದು ಕೂಗಿ.

ಕಂಪಣ್ಣನ ತಂಗಿ,
ಹೊನ್ನಾಂಬೆ